ನೋಟ್ಸಲ್ಲಿ ಒಂದೇ ಸಾಲಾದ ಐರ್ಲೆಂಡ್

ಸಂಪಾದಕರೇ,

ವಿಜಯನಗರದಲ್ಲಿ ಕೆಎಎಸ್ ಕೋಚಿಂಗಿಗೆ ಹೋಗೋ ನನ್ನ ಮಗಳ ನೋಟ್ಸಲ್ಲಿ ‘ನಿರ್ದೇಶಕ ತತ್ವಗಳು – ಐರ್ಲೆಂಡ್’ ಅಂತ ಒಂದೇ ಸಾಲು ಇದೆ (ಸರ್ಕಾರ ಯಾವ ನೀತಿ ಹಿಡಿದು ಆಡಳಿತ ನಡೆಸ್ಬೇಕು ಅಂತ ನಮ್ಮ ಸಂವಿಧಾನ ಹೇಳೋ ಮಾತುಗಳೇ ಈ ತತ್ವಗಳು), ಕಥೆ ಇರೋದೇ ಅದರ ಹಿಂದೆ. 1937ರ ಜುಲೈ 1ಕ್ಕೆ ಐರ್ಲೆಂಡ್ ಸರ್ಕಾರದ ಮುಖ್ಯಸ್ಥ ಡಿ ವೆಲೆರಾ ಸಾರ್ವತ್ರಿಕ ಚುನಾವಣೆ ಜೊತೆಗೇ ಹೊಸ ಸಂವಿಧಾನಾನೂ ಜನರ ವೋಟಿಗೆ ಹಾಕಿದ್ರು, ಸುಮಾರು 6.85 ಲಕ್ಷ ಜನ ಹೂಂ ಅಂದ್ರು, 5.27 ಲಕ್ಷ ಜನ ಬೇಡ ಅಂದ್ರು, ಸಲೀಸಾಗೇನೂ ಪಾಸಾಗ್ಲಿಲ್ಲ. ಹೆಂಗಸರ ಜಾಗ ಮನೇಲೇ ಅನ್ನೋ ಥರದ ಮಾತು ಅದರಲ್ಲಿದೆ ಅಂತ ಮಹಿಳೆಯರು ಆಗಲೇ ಜಗಳ ತೆಗೆದಿದ್ರು (ಸರಿಯಾಗೇ ಮಾಡಿದ್ರು ಬಿಡಿ). ಡಿಸೆಂಬರ್ 29ಕ್ಕೆ ಜಾರಿ. ಅದರ 45ನೇ ವಿಧೀನೇ ನಮ್ಮ ಸಂವಿಧಾನದ ನಾಲ್ಕನೇ ಭಾಗಕ್ಕೆ, ಅಂದ್ರೆ ಈ ನಿರ್ದೇಶಕ ತತ್ವಗಳಿಗೆ, ಮಾದರಿ, ಕೋರ್ಟಲ್ಲಿ ಕೇಳಂಗಿಲ್ಲ ಅನ್ನೋದೂ ಸೇರಿ. ನಮ್ಮ ಸಂವಿಧಾನ ಸಭೆಯ ಸಲಹೆಗಾರ, ಮಂಗಳೂರಲ್ಲಿ ಹುಟ್ಟಿದ ಬಿ.ಎನ್. ರಾವ್ ಡಬ್ಲಿನ್‌ಗೇ ಹೋಗಿ ಡಿ ವೆಲೆರಾ ಜೊತೆ ಮಾತಾಡಿ ಬಂದಿದ್ರು. ಭಾನುವಾರದ ಪುರವಣೀಲಿ ಇದನ್ನ ಒಂದ್ಸಲ ವಿವರವಾಗಿ ಹಾಕಿ ಸಾರ್.

– ಒಬ್ಬ ಓದುಗ, ಬೆಂಗಳೂರು