ಮೌಂಟನ್ ಮೆಡೋಸ್‌ನ ಮನೆತನಗಳಿಗೆ ನನ್ನ ವಂದನೆ

ಅಮೆರಿಕದ ಯೂಟಾದಲ್ಲಿ ನಡೆದ ಮೌಂಟನ್ ಮೆಡೋಸ್ ಹತ್ಯಾಕಾಂಡದ ಬಗ್ಗೆ ಮಾರ್ಮನ್ ಚರ್ಚ್‌ನ (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದ) ನಂಟುಳ್ಳ ವಿದ್ವಾಂಸರು ಬರೆದ ಚರಿತ್ರೆಯನ್ನು ಸತ್ತವರ ವಂಶಸ್ಥರು ಹೇಗೆ ಸ್ವೀಕರಿಸಿದರು ಎಂಬ ನನ್ನ ಸಂಶೋಧನಾ ಪ್ರಬಂಧಕ್ಕೆ ಈ ತಿಂಗಳು ಪಿಎಚ್.ಡಿ. ಪದವಿ ದೊರೆತಿದೆ. ಮಾರ್ಗದರ್ಶಕರಿಗೂ ಮನೆಯವರಿಗೂ ನಾನು ಋಣಿ. ಆದರೆ ಮೊದಲ ವಂದನೆ ಸಲ್ಲಬೇಕಾದದ್ದು, ದೂರದ ಅಪರಿಚಿತಳೊಬ್ಬಳ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಿದ ಆ ವಂಶಸ್ಥರಿಗೆ.

1857ರ ಸೆಪ್ಟೆಂಬರ್‌ನಲ್ಲಿ, ಅರ್ಕಾನ್ಸಾಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಬಂಡಿಗಳಲ್ಲಿ ಹೊರಟಿದ್ದ ಸುಮಾರು 120 ಮಂದಿಯನ್ನು ದಕ್ಷಿಣ ಯೂಟಾದ ಮಾರ್ಮನ್ ನಾಗರಿಕ ಪಡೆಯವರು, ಅಲ್ಲಿನ ಮೂಲನಿವಾಸಿಗಳಾದ ಕೆಲವು ಪೈಯೂಟ್ ಜನರನ್ನೂ ಸೇರಿಸಿಕೊಂಡು ಮೌಂಟನ್ ಮೆಡೋಸ್‌ನಲ್ಲಿ ಐದು ದಿನ ಮುತ್ತಿ, ಕೊನೆಗೆ ಬಿಳಿ ಬಾವುಟ ಹಿಡಿದು ರಕ್ಷಣೆಯ ಮಾತು ಕೊಟ್ಟು ಕೊಂದುಹಾಕಿದರು. ಬದುಕಿ ಊರಿಗೆ ಮರಳಿದವರು 17 ಎಳೆಯ ಮಕ್ಕಳು. ತಪ್ಪನ್ನು ಬಹುಕಾಲ ಪೈಯೂಟರ ಮೇಲೆ ಹೊರಿಸಲಾಯಿತು. ಮರಣದಂಡನೆಯಾದದ್ದು ದಾಳಿಯ ನಾಯಕರಲ್ಲೊಬ್ಬನಾದ ಜಾನ್ ಡಿ. ಲೀಗೆ ಮಾತ್ರ, ಅದೂ 1877ರಲ್ಲಿ.

2008ರಲ್ಲಿ ಚರ್ಚ್‌ನ ನಂಟುಳ್ಳ ಮೂವರು ಇತಿಹಾಸಕಾರರ ಗ್ರಂಥ ಹೊರಬಂದಾಗ, ಸ್ಥಳೀಯ ನಾಯಕರ ಹೊಣೆಯನ್ನು ಅದು ಬಿಚ್ಚಿಟ್ಟದ್ದನ್ನು ವಂಶಸ್ಥರಲ್ಲಿ ಕೆಲವರು ಮನಸಾರೆ ಸ್ವಾಗತಿಸಿದರು. ಆಗಿನ ಚರ್ಚ್ ಮುಖ್ಯಸ್ಥ ಬ್ರಿಗಂ ಯಂಗ್ ಹತ್ಯೆಗೆ ಆಜ್ಞೆ ಕೊಡಲಿಲ್ಲ, ಪ್ರಯಾಣಿಕರನ್ನು ಹೋಗಲು ಬಿಡಿ ಎಂಬ ಅವನ ಪತ್ರ ತಡವಾಗಿ ತಲುಪಿತು ಎಂಬ ನಿರ್ಣಯವನ್ನು ಇನ್ನು ಕೆಲವರು ಇಂದಿಗೂ ಒಪ್ಪುವುದಿಲ್ಲ. ಆ ಅಪನಂಬಿಕೆಯನ್ನು ಹಠವೆಂದು ತಳ್ಳಿಹಾಕುವುದು ಅನ್ಯಾಯ. 1999ರಲ್ಲಿ ಚರ್ಚ್ ಕಟ್ಟಿಸುತ್ತಿದ್ದ ಸ್ಮಾರಕದ ಕೆಲಸಕ್ಕೆ ಯಂತ್ರದಿಂದ ನೆಲ ಅಗೆದಾಗ ಕನಿಷ್ಠ 28 ಮಂದಿಯ ಎಲುಬುಗಳು ಮೇಲೆದ್ದವು, ಅವುಗಳ ಅಧ್ಯಯನ ಮುಗಿಯುವ ಮೊದಲೇ ಮರುಸಮಾಧಿಯಾಯಿತು. ಆಗಲೂ ವಂಶಸ್ಥರು ಒಂದೇ ಅಭಿಪ್ರಾಯದವರಾಗಿರಲಿಲ್ಲ. 2007ರಲ್ಲಿ ಹೆನ್ರಿ ಐರಿಂಗ್ ಚರ್ಚ್‌ನ ಪರವಾಗಿ ಆಳವಾದ ವಿಷಾದ ಸೂಚಿಸಿದ್ದನ್ನು ಗೌರವದಿಂದ ಕೇಳಿಸಿಕೊಂಡ ಮೇಲೂ, ಸ್ಪಷ್ಟವಾದ ಕ್ಷಮೆಯಾಚನೆಯನ್ನು ಬಯಸಿದವರು ಅವರಲ್ಲಿದ್ದರು.

ನನ್ನ ಕೃತಜ್ಞತೆ ಈ ಎರಡೂ ಬಗೆಯವರಿಗೆ ಸಮಾನವಾಗಿ ಸಲ್ಲುತ್ತದೆ. ಒಳ್ಳೆಯ ವಿದ್ವತ್ತನ್ನು ಒಳ್ಳೆಯದೆಂದು ಮೆಚ್ಚಿಯೂ, ಕೊಂದವರ ಸಂಸ್ಥೆಯೇ ಚರಿತ್ರೆ ಬರೆಸುವಾಗ ದಾಖಲೆಗಳ ಬೀಗದ ಕೈ ಯಾರ ಬಳಿ ಇದೆಯೆಂದು ಕೇಳುವ ಹಕ್ಕನ್ನು ಬಿಟ್ಟುಕೊಡದೆ ಇರಬಹುದೆಂಬುದನ್ನು ನಾನು ಕಲಿತದ್ದು ಅವರಿಂದ. ನನ್ನ ಕರಡನ್ನು ಸಾಲುಸಾಲಾಗಿ ಓದಿ, ತಮ್ಮ ಪೂರ್ವಜರ ಹೆಸರುಗಳನ್ನೂ ವಯಸ್ಸುಗಳನ್ನೂ ತಿದ್ದಿಕೊಟ್ಟ ಹಿರಿಯರೊಬ್ಬರು ನನ್ನ ನಾಲ್ಕನೆಯ ಅಧ್ಯಾಯದ ತೀರ್ಮಾನವನ್ನು ಒಪ್ಪಲಿಲ್ಲ. ಅಧ್ಯಾಯವನ್ನು ನಾನು ಬದಲಿಸಿಲ್ಲ. ಅವರ ಆಕ್ಷೇಪಣೆಯನ್ನು ಅವರ ಅನುಮತಿಯೊಂದಿಗೆ ಅನುಬಂಧದಲ್ಲಿ ಪೂರ್ತಿಯಾಗಿ ಸೇರಿಸಿದ್ದೇನೆ.