ಆಟದಲ್ಲಿ ಚುರುಕಿರುವ ಮಕ್ಕಳ ಅಪ್ಪ-ಅಮ್ಮಂದಿರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಮುಂಬೈನ ಕಾಂದಿವಲಿಯಲ್ಲೇ ಭಾರತೀಯ ಕ್ರೀಡಾ ಪ್ರಾಧಿಕಾರದ, ಅಂದರೆ ಸಾಯ್‌ನ ತರಬೇತಿ ಕೇಂದ್ರವಿದೆ. ದೆಹಲಿ ಏಷ್ಯನ್ ಗೇಮ್ಸ್ ಆದ ಮೇಲೆ 1984ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸಂಸ್ಥೆ ಇದು. ಹಾಸ್ಟೆಲ್‌ಗೆ ಆಯ್ಕೆಯಾದವರಿಗೆ ಊಟ, ವಸತಿ, ಕೋಚಿಂಗ್ ಎಲ್ಲ ಸರ್ಕಾರದ್ದೇ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆಯಾದ ಖೇಲೋ ಇಂಡಿಯಾದ ಕ್ರೀಡಾಪಟುವಾಗಿ ಆಯ್ಕೆಯಾದರೆ ತಿಂಗಳಿಗೆ 10,000 ರೂ. ಕೈಖರ್ಚಿಗೂ ಸಿಗುತ್ತದೆ. ಶೂ ಹರಿದಾಗ, ಹಾಲು-ಮೊಟ್ಟೆಗೆ, ಲೋಕಲ್ ಪಾಸಿಗೆ ಮನೆಯವರ ಕೈ ನೋಡಬೇಕಾಗಿಲ್ಲ ಅಲ್ವಾ? ನನಗಂತೂ ಇದೇ ದೊಡ್ಡ ವಿಷಯ.

ಆಯ್ಕೆಗೆ ಟ್ರಯಲ್ಸ್ ಇರುತ್ತದೆ. ಜನನ ಪ್ರಮಾಣಪತ್ರದಲ್ಲೂ ಆಧಾರ್‌ನಲ್ಲೂ ಹುಟ್ಟಿದ ತಾರೀಖು ಒಂದೇ ಇದೆಯಾ, ಈಗಲೇ ನೋಡಿಕೊಳ್ಳಿ. ದುಡ್ಡು ಕೊಟ್ಟರೆ ಸೀಟು ಕೊಡಿಸ್ತೀನಿ ಅನ್ನುವವರನ್ನು ನಂಬಬೇಡಿ. ಹೆಣ್ಣುಮಕ್ಕಳನ್ನೂ ಖಂಡಿತ ಕಳಿಸಿ. ಫಾರ್ಮ್ ತುಂಬಲು ತೊಡಕಾದರೆ ಇಲ್ಲೇ ಹೇಳಿ, ಒಟ್ಟಿಗೆ ಕೂತು ತುಂಬೋಣ.