ಗೆಳೆಯನಿಗೊಂದು ಪತ್ರ: ನಿನ್ನ ಮಗಳ ಹೆಸರು ಬೆಂಗಳೂರಲ್ಲೇ ಇರಲಿ

ಪ್ರಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಒಂದು ಮಾತು ಹೇಳಿದೆ. "ಗಣತಿಯವರು ಬಂದ್ರ ಮಗಳ ಹೆಸರು ಊರಾಗ ಬರಸ್ತೀನಿ. ಅಕೀ ರೇಷನ್ ಕಾರ್ಡು ಇಲ್ಲೇ ಐತಿ. ಬೆಂಗಳೂರಾಗ ಅಕೀಗೆ ಮನಿ ಐತೇನು, ಮಠ ಐತೇನು?" ಅಂದೆ. ನಾನು ಬಸ್ಸಿನಲ್ಲಿದ್ದೆ, ಗದ್ದಲ. ಹೂಂ ಅಂದು ಇಟ್ಟುಬಿಟ್ಟೆ. ಆದರೆ ಆ ಮಾತು ರಾತ್ರಿಯೂ ತಲೆಯಲ್ಲೇ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೇ ಯೋಚಿಸುವ ಅಪ್ಪ ಅಮ್ಮಂದಿರು ತುಂಬಾ ಜನ ಇದ್ದಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಜನಗಣತಿಗೆ ಅಂತ 2010ರಲ್ಲಿ ಮನೆಪಟ್ಟಿ ಮಾಡಲು, 2011ರ ಫೆಬ್ರವರಿಯಲ್ಲಿ ತಲೆ ಎಣಿಸಲು ನಾನು ಹೋಗಿದ್ದು ನಿನಗೆ ನೆನಪಿರಬಹುದು. ಪೀಣ್ಯದ ಹತ್ತಿರದ ಒಂದು ಬ್ಲಾಕ್ ನನ್ನ ಪಾಲಿಗೆ ಬಂದಿತ್ತು. ಒಂದು ಬ್ಲಾಕ್ ಅಂದರೆ ಸುಮಾರು 600ರಿಂದ 650 ಜನ. ಶಾಲೆ ಮುಗಿಸಿ, ಹೆಗಲಿಗೆ ಚೀಲ ಹಾಕಿಕೊಂಡು, ಬಾಗಿಲಿಂದ ಬಾಗಿಲಿಗೆ ಓಡಾಟ. ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಕುಟುಂಬ ಅಂದರೆ ಏನು ಅನ್ನುವುದನ್ನು. ಗೋಡೆ ಲೆಕ್ಕಕ್ಕಿಲ್ಲ. ರಕ್ತಸಂಬಂಧವೂ ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಒಟ್ಟಿಗಿದ್ದು, ಒಂದೇ ಅಡುಗೆಮನೆಯ ಊಟ ಮಾಡುವವರು ಒಂದು ಕುಟುಂಬ. ಅಷ್ಟೇ.

ಕೇಳುವಾಗ ಸುಮ್ನೆ ನಿಯಮ ಅನ್ನಿಸಿತ್ತು. ವಠಾರದೊಳಗೆ ಕಾಲಿಟ್ಟ ಮೇಲೆ ಅದರ ತೂಕ ಗೊತ್ತಾಯಿತು.

ಎಂಟು ಬಾಗಿಲ ವಠಾರ. ಒಂದು ನಲ್ಲಿ, ಎರಡು ಕಕ್ಕಸು. ಮೊದಲ ಬಾಗಿಲಲ್ಲಿ ಅಣ್ಣ ತಮ್ಮ, ಇಬ್ಬರ ಹೆಂಡಂದಿರು, ಮೂರು ಮಕ್ಕಳು. ನಡುವೆ ಹಳೇ ಸೀರೆಯ ಪರದೆ. ಒಂದೇ ಕುಟುಂಬ ಅಂತ ಬರೆಯಲು ಹೊರಟೆ. ಅತ್ತಿಗೆ ಮೆಲ್ಲಗೆ, "ಒಲೆ ಬೇರೆ ಮೇಷ್ಟ್ರೇ" ಅಂದಳು. ಪರದೆಯ ಆಚೆ ಇನ್ನೊಂದು ಸ್ಟವ್ ಇತ್ತು. ಎರಡು ಕುಟುಂಬ ಅಂತ ಬರೆದೆ. ಆ ಒಂದು ಮಾತು ಹೇಳುವಾಗ ಅವಳ ದನಿ ತಗ್ಗಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೈದುನನಿಗೆ ಕೇಳಿಸಬಾರದು ಅಂತ ಇರಬೇಕು.

ಪಕ್ಕದ ಬಾಗಿಲಲ್ಲಿ ನಾಲ್ಕು ಹುಡುಗರು. ಒಬ್ಬ ಯಾದಗಿರಿಯವನು, ಒಬ್ಬ ಮಧುಗಿರಿ ಕಡೆಯವನು, ಒಬ್ಬ ಹಿಂದೂಪುರ, ಇನ್ನೊಬ್ಬ ಒಡಿಶಾ. ಕಾರ್ಖಾನೆಯಲ್ಲಿ ಬೇರೆ ಬೇರೆ ಶಿಫ್ಟ್. ಕುಲವಿಲ್ಲ, ಸಂಬಂಧವಿಲ್ಲ, ಭಾಷೆಯೂ ಬೇರೆ. ಆದರೆ ಒಲೆ ಒಂದೇ, ಅನ್ನದ ಪಾತ್ರೆ ಒಂದೇ. ರಾತ್ರಿ ಪಾಳಿಯವನು ಬರುವ ಹೊತ್ತಿಗೆ ಉಳಿದವರು ಅವನಿಗೆ ಮುಚ್ಚಿಟ್ಟಿರುತ್ತಿದ್ದರು. ಸರ್ಕಾರದ ಲೆಕ್ಕದಲ್ಲಿ ಅವರು ಒಂದು ಕುಟುಂಬ. ಯಜಮಾನ ಯಾರು ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮಧುಗಿರಿಯವನ ಹೆಸರು ಹೇಳಿದರು. ಸಾಮಾನು ತರುವ ದುಡ್ಡು ಅವನ ಹತ್ತಿರ ಇರುತ್ತಿತ್ತಂತೆ. ಆ ಹುಡುಗನಿಗೆ 22 ವರ್ಷ. ಯಜಮಾನ ಅನ್ನುವ ಕಡೆ ಅವನ ಹೆಸರು ಬರೆಯುವಾಗ ಅವನು ನೆಟ್ಟಗೆ ಕೂತ.

ನೀನು ಆಗಾಗ ಕೇಳುತ್ತೀಯಲ್ಲ, ಬೆಂಗಳೂರಲ್ಲಿ ಕನ್ನಡದವರು ಉಳಿದಿದ್ದಾರಾ ಅಂತ. ಜಿಲ್ಲೆಯ 2011ರ ಲೆಕ್ಕದಲ್ಲಿ ಕನ್ನಡವನ್ನು ತಾಯ್ನುಡಿ ಅಂತ ಹೇಳಿದವರು ಅರ್ಧಕ್ಕಿಂತ ಕಡಿಮೆ ನಿಜ. ಆದರೂ ಬೇರೆ ಯಾವ ಭಾಷೆಯವರಿಗಿಂತಲೂ ಅವರೇ ಜಾಸ್ತಿ. ತಮಿಳು, ತೆಲುಗು, ಉರ್ದು ಒಂದೊಂದೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಈ ಅಂಕಿ ಹಿಡಿದು ಎದೆ ಬಡಿದುಕೊಳ್ಳುವವರನ್ನು ನೋಡಿದ್ದೇನೆ. ಅವರು ನಮ್ಮ ನಮೂನೆಯ ಪಕ್ಕದ ಕಾಲಂ ನೋಡಿಲ್ಲ. ತಾಯ್ನುಡಿ ಆದ ಮೇಲೆ, ಗೊತ್ತಿರುವ ಬೇರೆ ಭಾಷೆಗಳು ಅಂತ ಒಂದು ಪ್ರಶ್ನೆ ಇತ್ತು. ಅದರಲ್ಲಿ ಎರಡು ಭಾಷೆಗಷ್ಟೇ ಜಾಗ. ನನ್ನ ಬ್ಲಾಕಿನಲ್ಲಿ ಕನ್ನಡ ತಾಯ್ನುಡಿ ಅಲ್ಲದವರ ಮನೆಗಳಲ್ಲಿ, ಆ ಜಾಗದಲ್ಲಿ ನಾನು ಮತ್ತೆ ಮತ್ತೆ ಬರೆದ ಪದ ಕನ್ನಡ. ಒಬ್ಬ ದರ್ಜಿ ಇದ್ದ, ಮನೆಮಾತು ಉರ್ದು. "ಕನ್ನಡ, ತಮಿಳು, ತೆಲುಗು, ಹಿಂದಿ, ನಾಲ್ಕೂ ಬರೀರಿ ಸರ್" ಅಂದ. ಎರಡಕ್ಕೇ ಜಾಗ ಇರೋದು ಅಂದಾಗ ಸ್ವಲ್ಪ ಹೊತ್ತು ಯೋಚಿಸಿದ. "ಹಾಗಾದ್ರೆ ಕನ್ನಡ ಮೊದಲು ಹಾಕಿ" ಅಂದ. ಈ ಊರಿನ ನಾಲಿಗೆ ಎಷ್ಟು ದೊಡ್ಡದು, ಆ ಕಾಲಂ ಎಷ್ಟು ಚಿಕ್ಕದು ಅಂತ ಅವತ್ತು ಅನ್ನಿಸಿತು.

ಹೊರಗಿನಿಂದ ಬಂದವರು ಅನ್ನುವ ಮಾತಂತೂ ನನಗೆ ಈ ಊರಿಗೆ ಒಗ್ಗುವುದೇ ಇಲ್ಲ. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿದಾಗಿನಿಂದ ಪೇಟೆ ತುಂಬಿದ್ದೇ ಕರೆಸಿಕೊಂಡ ಜನರಿಂದ. ಅಕ್ಕಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಅಂತ ಹೆಸರುಗಳೇ ಹೇಳುತ್ತವೆ. 1809ರಲ್ಲಿ ಬ್ರಿಟಿಷರ ದಂಡು ಬಂದು ಕೂತಿತು. ಅದರ ಜೊತೆ ತಮಿಳು ಮಾತಾಡುವ ಸಿಪಾಯಿಗಳು, ಕೂಲಿಯವರು, ವ್ಯಾಪಾರದವರು ಬಂದರು. ಪೇಟೆ, ದಂಡು ಎರಡೂ ಒಂದೇ ನಗರಪಾಲಿಕೆಗೆ ಸೇರಿದ್ದು 1949ರಲ್ಲಿ. ಅಷ್ಟರಲ್ಲಿ ಎಚ್‌ಎಎಲ್, ಐಟಿಐ ಕಾರ್ಖಾನೆಗಳು ಶುರುವಾಗಿದ್ದವು, ಆಮೇಲೆ ಎಚ್‌ಎಂಟಿ, ಬಿಇಎಲ್. 1941ರಲ್ಲಿ ಸುಮಾರು 4 ಲಕ್ಷ ಇದ್ದ ಜನ 1951ಕ್ಕೆ ಹೆಚ್ಚುಕಡಿಮೆ ಎರಡರಷ್ಟಾದರು. ನನ್ನ ಅಪ್ಪನೂ ಆಮೇಲೆ ಇಂಥದೇ ಕೆಲಸಕ್ಕೆ ಟ್ರಂಕ್ ಹೊತ್ತು ಬಂದವರು. ನಾನು ಇಲ್ಲಿಯವನು ಅನ್ನುವುದಾದರೆ, ಆ ಒಡಿಶಾದ ಹುಡುಗನ ಮಗ ನಾಳೆ ಇಲ್ಲಿಯವನೇ ಅಲ್ವಾ?

2001ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ 65 ಲಕ್ಷ ಚಿಲ್ಲರೆ ಜನ. 2011ಕ್ಕೆ 96,21,551. ಹತ್ತೇ ವರ್ಷದಲ್ಲಿ 30 ಲಕ್ಷ ಜಾಸ್ತಿ. ಇಡೀ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಆರರಲ್ಲೊಬ್ಬರು ಇಲ್ಲೇ. ರಾಜ್ಯದಲ್ಲಿ ಸಾವಿರ ಗಂಡಸರಿಗೆ 973 ಹೆಂಗಸರಿದ್ದರೆ ಇಲ್ಲಿ 916. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ದುಡಿಯಲು ಬಂದ ಗಂಡಸರ ಗುರುತು ಅದು. ಕುಟುಂಬಕ್ಕೆ ಸರಾಸರಿ ಜನ ಎಷ್ಟು ಅಂದರೆ ಸುಮಾರು ನಾಲ್ಕು. ಆದರೆ ಆ ನಾಲ್ಕು ಅನ್ನುವ ಅಂಕಿಯೊಳಗೆ ಅಜ್ಜಿಯಿಂದ ಮೊಮ್ಮಗುವರೆಗೆ ಹನ್ನೊಂದು ಜನ ಇರುವ ತಿಗಳರಪೇಟೆಯ ಮನೆಯೂ ಇರಬಹುದು, ಒಬ್ಬಳೇ ಒಂದು ಕೋಣೆಯಲ್ಲಿ ಬೇಯಿಸಿಕೊಳ್ಳುವ ಗಾರ್ಮೆಂಟ್ಸ್ ಹುಡುಗಿಯೂ ಇರಬಹುದು. ಸರಾಸರಿ ಅವರಿಬ್ಬರನ್ನೂ ತೋರಿಸುವುದಿಲ್ಲ.

ಈಗ ನಿನ್ನ ಮಗಳ ವಿಷಯ. ಅವಳಿರುವುದು ಪಿಜಿಯಲ್ಲಿ. ಆರು ಮಹಡಿ, ಕೋಣೆಗೆ ಮೂರು ಮಂಚ, ನೆಲಮಹಡಿಯಲ್ಲಿ ಒಂದೇ ಅಡುಗೆಮನೆ. ಹಾಸ್ಟೆಲ್ ಥರ ಸಂಬಂಧವಿಲ್ಲದ ಜನ ಒಂದೇ ಅಡುಗೆಮನೆಯಲ್ಲಿ ಉಣ್ಣುವ ಕಡೆಯನ್ನು ಗಣತಿಯಲ್ಲಿ ಸಾಂಸ್ಥಿಕ ಕುಟುಂಬ ಅಂತಲೇ ಬರೆಯುತ್ತಾರೆ. ಮನೆ ಇಲ್ಲ ಅಂದೆಯಲ್ಲ, ನಿಯಮದ ಪ್ರಕಾರ ಅವಳಿಗೆ ಇಲ್ಲಿ ಮನೆ ಇದೆ.

ಆದರೆ ಎಲ್ಲರಿಗಿಂತ ಸುಲಭವಾಗಿ ತಪ್ಪಿಹೋಗುವವರೂ ಇವರೇ. ನಾನು ಒಂದು ಪಿಜಿಗೆ ಮೂರು ಸಲ ಹೋಗಿದ್ದೆ. ಬೆಳಿಗ್ಗೆ ಹೋದರೆ ಎಲ್ಲರೂ ಕೆಲಸಕ್ಕೆ, ರಾತ್ರಿ ಹೋದರೆ ಅರ್ಧ ಜನ ಇನ್ನೂ ಬಂದಿಲ್ಲ. ಸಿಕ್ಕವರೆಲ್ಲ, "ಅಂಕಲ್, ಊರಲ್ಲಿ ಬರೆಸಿದ್ದಾರೆ" ಅನ್ನುವವರೇ. ಒಬ್ಬಳ ಊರಿಗೆ ಫೋನ್ ಮಾಡಿಸಿದರೆ ಅಲ್ಲಿ, "ಅವಳು ಬೆಂಗಳೂರಲ್ಲಿದ್ದಾಳೆ ಅಂತ ಬರೀಲಿಲ್ಲ" ಅಂದರು. ಎರಡು ಕಡೆಯೂ ಇಲ್ಲ! ಆ ಹುಡುಗಿಯ ಹೆಸರನ್ನು ನಾನೇ ಅಲ್ಲೇ ಕೂತು ಬರೆದುಕೊಂಡೆ. ಎಷ್ಟು ಜನ ಹಾಗೆ ಬಿಟ್ಟುಹೋದರೋ ಅಂತ ಆಮೇಲೆ ತುಂಬಾ ದಿನ ಸಂಕಟವಾಗುತ್ತಿತ್ತು. ಕಟ್ಟಡದ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಇರುವ ರಾಯಚೂರು, ಕಲಬುರಗಿ ಕಡೆಯವರದೂ ಇದೇ ಕಥೆ. ಕಟ್ಟಡ ಮುಗಿದರೆ ಶೆಡ್ಡೂ ಇರುವುದಿಲ್ಲ, ಅವರೂ ಇರುವುದಿಲ್ಲ.

ಫೆಬ್ರವರಿ 28ರ ರಾತ್ರಿ ಮನೆಯೇ ಇಲ್ಲದವರನ್ನು ಎಣಿಸುವುದು. ಸೇತುವೆ ಕೆಳಗೆ, ಅಂಗಡಿ ಜಗಲಿ ಮೇಲೆ ಮಲಗಿದವರನ್ನು ಎಬ್ಬಿಸಿ ಹೆಸರು ಕೇಳಬೇಕು. ಒಬ್ಬ ಅಜ್ಜ ಹೆಸರು ಹೇಳಿ, "ನಾನೂ ಲೆಕ್ಕಕ್ಕೆ ಬರ್ತೀನಾ?" ಅಂತ ಕೇಳಿದ. ಬರ್ತೀರಿ ಅಂದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಖುಷಿಯಿಂದ ನಾನು ಇನ್ನೊಂದು ಉತ್ತರ ಕೊಟ್ಟಿಲ್ಲ.

ಲೆಕ್ಕಕ್ಕೆ ಬಂದು ಏನಾಗಬೇಕು ಅಂತ ನೀನು ಕೇಳಬಹುದು. ನೀರಿನ ವಿಷಯ ನೋಡು. 2007ರಲ್ಲಿ ಪಾಲಿಕೆಗೆ 110 ಹಳ್ಳಿಗಳನ್ನು ಸೇರಿಸಿದರು. ಅವು ಹೆಸರಿಗೆ ಹಳ್ಳಿ, ನೋಡನೋಡುತ್ತ ಅಪಾರ್ಟ್‌ಮೆಂಟು, ಪಿಜಿಗಳಿಂದ ತುಂಬಿಹೋದವು. ಅವರಿಗಾಗಿ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ಶುರುವಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅದೇ ವರ್ಷದ ಬೇಸಿಗೆಯಲ್ಲಿ ಜನ ಕೊಡ ಹಿಡಿದು ಟ್ಯಾಂಕರ್ ಕಾದಿದ್ದನ್ನು ನೀನು ಟಿವಿಯಲ್ಲಿ ನೋಡಿದ್ದೆ. ಹಣ, ಕೆಲಸ ತಡವಾದದ್ದಕ್ಕೆ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ ಗಣತಿಯ ತಲೆಗೆ ಕಟ್ಟಲಾರೆ. ಆದರೆ ಎಷ್ಟು ಜನ ಕುಡಿಯುತ್ತಾರೆ ಅನ್ನುವುದೇ ಗೊತ್ತಿಲ್ಲದೆ ಕೊಳವೆ ಹಾಕುವುದು ಹೇಗೆ? 2021ರಲ್ಲಿ ಆಗಬೇಕಿದ್ದ ಜನಗಣತಿ ಕೋವಿಡ್‌ನಿಂದ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪಾಲಿಕೆ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳು ಬಂದವು. ಅವುಗಳ ವಾರ್ಡುಗಳನ್ನೂ 2011ರ ಜನಸಂಖ್ಯೆ ಹಿಡಿದೇ ಹಂಚಿದರು. ಆ ಲೆಕ್ಕದಲ್ಲಿ ನಿನ್ನ ಮಗಳು ಇನ್ನೂ ನಿನ್ನ ಊರಿನ ಶಾಲೆಗೆ ಹೋಗುವ ಹುಡುಗಿ.

ರೇಷನ್ ಕಾರ್ಡಿನ ಹೆದರಿಕೆ ಬಿಡು. 1948ರ ಜನಗಣತಿ ಕಾಯ್ದೆಯ ಪ್ರಕಾರ ಗಣತಿಯಲ್ಲಿ ಒಬ್ಬೊಬ್ಬರು ಹೇಳಿದ್ದನ್ನು ಗುಟ್ಟಾಗಿ ಇಡಬೇಕು. ಅದಕ್ಕೂ ಕಾರ್ಡಿಗೂ ಸಂಬಂಧವಿಲ್ಲ. ಎಣಿಕೆಯ ದಿನಗಳಲ್ಲಿ ಅವಳು ಇರುವುದು ಇಲ್ಲಿ, ಉಣ್ಣುವುದು ಇಲ್ಲಿ, ಹಾಗಾಗಿ ಅವಳನ್ನು ಬರೆಯಬೇಕಾದದ್ದೂ ಇಲ್ಲೇ. ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ, ಲೆಕ್ಕ ಮಾರ್ಚ್ 1ಕ್ಕೆ.

ಇದನ್ನು ನಿನಗೆ ಹೇಳುವುದು ಸುಲಭ. ನಮ್ಮ ಮನೆಯಲ್ಲೂ ಇದೇ ಮಾತಾಯಿತು. ಅಮ್ಮ ಇದ್ದಾಗ ನಮ್ಮ ಒಲೆಯ ಮುಂದೆ ಒಂಬತ್ತು ತಟ್ಟೆ. ತಮ್ಮಂದಿರು ಬೇರೆಯಾದರು, ಅಮ್ಮ ಹೋದಳು, ಮಗ ಹೈದರಾಬಾದಿಗೆ ಹೋದ. ಈಗ ಎರಡೇ ತಟ್ಟೆ. "ಮಗನ ಹೆಸರು ಇಲ್ಲೇ ಇರಲಿ ಬಿಡಿ, ಕಾಗದದಲ್ಲಾದ್ರೂ ಮೂವರಿರೋಣ" ಅಂದಳು ನನ್ನವಳು. ನನಗೆ ತಕ್ಷಣ ಮಾತೇ ಹೊರಡಲಿಲ್ಲ. ಆಮೇಲೆ, ಅವನು ಅಲ್ಲಿಯ ನೀರು ಕುಡಿಯುತ್ತಿದ್ದಾನಲ್ಲ, ಅಲ್ಲೇ ಬರೆಸಲಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೂಂ ಅಂದಳು. ಹಾಗಾಗಿ ನಿನ್ನ ಸಂಕಟ ನನಗೆ ಗೊತ್ತು ಮಾರಾಯ. ಹೆಸರು ಬೇರೆ ಕಡೆ ಬರೆಸಿದರೆ ಮಗಳು ಬೇರೆಯಾದಳು ಅನ್ನಿಸುತ್ತದೆ. ಆದರೂ ಬರೆಸು.

ಪಿಜಿಯ ಯಜಮಾನರಿಗೆ ಮೊದಲೇ ಹೇಳಿಡಲು ಅವಳಿಗೆ ಹೇಳು. ಎಣಿಕೆಯ ದಿನಗಳಲ್ಲಿ ನಾನೂ ಒಂದು ಸಲ ಹೋಗಿ ವಿಚಾರಿಸುತ್ತೇನೆ. ಇನ್ನೊಂದು ಮಾತು. ಕಳೆದ ಭಾನುವಾರ ಅವಳು ನಮ್ಮ ಮನೆಗೆ ಬಂದಿದ್ದಳು. ಪಿಜಿಯಲ್ಲಿ ದಿನಾ ಚಪಾತಿ, ಅನ್ನವೇ; ಜೋಳದ ರೊಟ್ಟಿ ಕಂಡು ಮೂರು ತಿಂಗಳಾಯಿತು ಅಂದಳು. ನನ್ನವಳು ಅಂಗಡಿಯಿಂದ ಹಿಟ್ಟು ತಂದು ಬಡಿದಳು, ಒಂದೂ ಸರಿಯಾಗಿ ಬರಲಿಲ್ಲ, ಅಂಚೆಲ್ಲ ಒಡೆದುಹೋದವು. ಆದರೂ ಮಗು ನಾಲ್ಕು ತಿಂದಳು. ನೀನು ಬರುವಾಗ ಊರ ಗಿರಣಿಯ ಹಿಟ್ಟು ಐದು ಕಿಲೋ ತಾ. ರೊಟ್ಟಿ ಬಡಿಯುವುದನ್ನು ಅವಳೇ ನಮಗೆ ಕಲಿಸುತ್ತಾಳಂತೆ.

ನಿನ್ನ ಗೆಳೆಯ